ಟವೆಲ್ ಹಾಕಿದ ಪೇಟಿ

ನನ್ನ ಹೆಗಲ ಮೇಲೆ ಸದಾ ಒಂದು ಟವೆಲ್ಲು ಇರುತ್ತದೆ. ಅದು ಬೆವರು ಒರೆಸಿಕೊಳ್ಳಲಿಕ್ಕೆ ಅಂತ ನೀವು ತಿಳಿದಿದ್ದರೆ ನೀವು ನಮ್ಮ ಕಡೆಯವರಲ್ಲ. ಬೆವರಿಗೆ ಅಂಗಿಯ ತೋಳು ಇದ್ದೇ ಇದೆ. ಟವೆಲ್ಲು ಇರುವುದು ಸೀಟು ಹಿಡಿಯಲಿಕ್ಕೆ. ಸಿಂದಗಿ ಸ್ಟ್ಯಾಂಡಿನೊಳಗೆ ಇಂಡಿ ಬಸ್ಸು ತಿರುಗಿದ್ದೇ ತಡ, ನಾನು ಐವತ್ತು ದಾಟಿದ ನನ್ನ ಮೊಳಕಾಲುಗಳನ್ನು ಮರೆತು, ಚಪ್ಪಲಿ ಕೈಗೆ ಬಂದರೂ ಪರವಾಗಿಲ್ಲ ಅಂತ ಓಡಿ, ಕಿಟಕಿಯೊಳಗೆ ಟವೆಲ್ಲು ಒಗೆದುಬಿಡುತ್ತೇನೆ. ಅಲ್ಲಿಗೆ ಆ ಸೀಟು ನನ್ನದಾಯಿತು. ಆಮೇಲೆ ನಿವಾಂತವಾಗಿ ಚಾ ಕುಡಿಯಬಹುದು, ಪೇಪರ್ ಓದಬಹುದು, ಗುರುತಿನವರು ಸಿಕ್ಕರೆ ಮಳೆ ಬೆಳೆ ಮಾತಾಡಬಹುದು.

ಈ ಟವೆಲ್ಲಿನ ಕಾಯ್ದೆಯನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಹೋದರೂ ನಡೆಯುತ್ತದೆ. ಹೊಲದ ಬದುವಿಗೆ ಹೊಡೆದಾಡಿ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಕೂಡ ಬಸ್ಸಿನಲ್ಲಿ ಒಬ್ಬನ ಟವೆಲ್ಲಿನ ಮೇಲೆ ಇನ್ನೊಬ್ಬ ಕೂಡುವುದಿಲ್ಲ. ತುಂಬಿದ ಬಸ್ಸಿನಲ್ಲಿ ಜನ ಜೋತಾಡುತ್ತಿರುತ್ತಾರೆ, ನಡುವೆ ಒಂದು ಖಾಲಿ ಸೀಟು, ಅದರ ಮೇಲೊಂದು ಕೊಳೆ ಟವೆಲ್ಲು. ಕಂಡಕ್ಟರ್ ಕೂಡ ‘ಅರಿವಿ ಯಾರದ್ರಿ?’ ಅಂತ ಕೇಳುತ್ತಾನೆಯೇ ಹೊರತು ಎತ್ತಿ ಒಗೆಯುವುದಿಲ್ಲ. ಒಮ್ಮೆ ನಾನು ಚಾ ಮುಗಿಸಿ ಬಸ್ಸು ಹತ್ತುವ ಹೊತ್ತಿಗೆ ನನ್ನ ಟವೆಲ್ಲಿನ ಪಕ್ಕದಲ್ಲೇ ಒಬ್ಬ ಬಸುರಿ ಹೆಣ್ಣುಮಗಳು ಕಂಬ ಹಿಡಿದು ನಿಂತಿದ್ದಳು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಟವೆಲ್ಲು ಎತ್ತಿ ಜಾಗ ಕೊಟ್ಟೆ ಅನ್ನಿ, ಆದರೆ ಬುದ್ಧಿ ಬರಲಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಚಳಿಗಾಲದಲ್ಲಿ ಇದೇ ಟವೆಲ್ಲಿನಿಂದ ನನ್ನ ಮಾನ ಹೋಯಿತು. ಹೋದದ್ದು ಊರಿಗೆ ಗೊತ್ತಿಲ್ಲ. ಗೊತ್ತಿರುವ ಮೂರ್ನಾಲ್ಕು ಮಂದಿ ಬಹಳ ಸಭ್ಯರು, ಬಾಯಿ ಬಿಡುವವರಲ್ಲ. ಅವರ ಆ ಸಭ್ಯತೆಯೇ ನನಗೆ ತಡೆಯಲಿಕ್ಕಾಗುತ್ತಿಲ್ಲ, ಹಾಗಾಗಿ ನಿಮ್ಮ ಮುಂದೆ ನಾನೇ ಬಿಡುತ್ತೇನೆ.

ನಾನು ಹೈಸ್ಕೂಲು ಮಾಸ್ತರ. ಆದರೆ ಈಚೆಗೆ ಕೆಲವು ವರ್ಷಗಳಿಂದ ಮಕ್ಕಳನ್ನು ಬಿಟ್ಟು ಮಾಸ್ತರರಿಗೇ ಪಾಠ ಹೇಳುತ್ತಿದ್ದೇನೆ. ಶಿಕ್ಷಕರ ತರಬೇತಿಗಳಲ್ಲಿ ನನ್ನದೊಂದು ವಿಷಯ ಇರುತ್ತದೆ, ವ್ಯಕ್ತಿತ್ವ ವಿಕಸನ ಅಂತ. ನಗಬೇಡಿ. ಯಾರಾದರೂ ಹೇಳಲೇಬೇಕಲ್ಲ. ಸಾಮಾನ್ಯವಾಗಿ ಊಟ ಆದ ಮೇಲಿನ ಅವಧಿ ನನಗೆ ಬರುತ್ತದೆ. ಶೇಂಗಾ ಹೋಳಿಗೆ ಉಂಡು ಕಣ್ಣು ಎಳೆಯುತ್ತಿರುವ ಮಂದಿಯ ಮುಂದೆ ನಿಂತು, ದಿನದ ಗದ್ದಲದಲ್ಲಿ ತಮ್ಮ ಬೆಳವಣಿಗೆಗೆ ಹೇಗೆ ಜಾಗ ಮಾಡಿಕೊಳ್ಳಬೇಕು ಅಂತ ಹೇಳುತ್ತೇನೆ. ಮಂದಿ ತೂಕಡಿಸದ ಹಾಗೆ ಮಾಡಲು ನಾನು ಕಂಡುಹಿಡಿದ ಉಪಾಯವೇ ಟವೆಲ್ಲು. ಹೆಗಲಿನಿಂದ ಅದನ್ನು ತೆಗೆದು ಮುಂದಿನ ಸಾಲಿನ ಒಂದು ಖಾಲಿ ಕುರ್ಚಿಯ ಮೇಲೆ ಒಗೆಯುತ್ತೇನೆ. ದಿನವೂ ಒಂದು ಬಸ್ಸು, ಎಲ್ಲ ಸೀಟನ್ನೂ ಬೇರೆಯವರು ಹಿಡಿಯುವ ಮೊದಲು ನಿಮ್ಮ ಟವೆಲ್ಲು ಬೀಳಬೇಕು ಅನ್ನುತ್ತೇನೆ. ಹಿಂದಿನ ಸಾಲಿನವರೂ ಎದ್ದು ಚಪ್ಪಾಳೆ ತಟ್ಟುತ್ತಾರೆ.

ಹೇಳುವವನಾದ ಮೇಲೆ ಮಾಡದಿರಲಾದೀತೇ? ನಾನೂ ಸುಮಾರು ಟವೆಲ್ಲು ಒಗೆದಿದ್ದೇನೆ. ವಾಕಿಂಗಿಗೆಂದು ಬೂಟು ತಂದೆ. ಮುಂಜಾನೆ ಐದಕ್ಕೆ ಏಳಲು ಅಲಾರಂ ಇಟ್ಟೆ. ಅದು ಹೊಡೆದರೆ ನನ್ನ ಹೆಂಡತಿ ಶಾಂತಾ ಏಳುತ್ತಾಳೆ, ರೊಟ್ಟಿ ಬಡಿಯಲು ಶುರು ಮಾಡುತ್ತಾಳೆ, ಆ ಸಪ್ಪಳಕ್ಕೆ ನನಗೆ ಇನ್ನೂ ಸೊಗಸಾಗಿ ನಿದ್ದೆ ಹತ್ತುತ್ತದೆ. ಸಂಸ್ಕೃತ ಕಲಿಯುವ ವಿಚಾರವೂ ಇತ್ತು, ಅದು ‘ರಾಮಃ ರಾಮೌ’ದಲ್ಲಿ ನಿಂತಿದೆ. ಒಂದು ಮಾತು ಖರೇ ಹೇಳಲೇ? ಸೀಟು ಹಿಡಿಯುವುದರಲ್ಲಿ ಇರುವ ಸುಖ ಕೂಡುವುದರಲ್ಲಿ ಇಲ್ಲ. ಬೂಟು ತಂದ ದಿನ ನಾನು ನಾಲ್ಕು ಮೈಲು ನಡೆದವನಷ್ಟು ಹಗುರಾಗಿದ್ದೆ. ಅಷ್ಟು ಹಗುರಾದ ಮೇಲೆ ನಡೆಯುವ ಜರೂರು ಎಲ್ಲಿ ಉಳಿಯಿತು?

ಹೋದ ದಸರೆಯಲ್ಲಿ ಪೇಟಿಯ ಹುಚ್ಚು ಹಿಡಿಯಿತು. ಪೇಟಿ ಅಂದರೆ ಹಾರ್ಮೋನಿಯಂ, ನಮ್ಮಲ್ಲಿ ಅದನ್ನು ಹಾಗೆಯೇ ಕರೆಯುವುದು. ನಮ್ಮ ಓಣಿಯ ಹಿಂದೆ ವಯಸ್ಸಾದ ಗವಾಯಿಗಳೊಬ್ಬರಿದ್ದಾರೆ. ಐತವಾರ ಮುಂಜಾನೆ ಪಡಸಾಲೆಯಲ್ಲಿ ಚಾಪೆ ಹಾಸಿ ಬಂದವರಿಗೆ ಕಲಿಸುತ್ತಾರೆ. ಹೆಚ್ಚಿನವರು ಹಾಡಲು ಬರುವವರು. ಪೇಟಿ ಇರುವುದು ಮೂರು. ಒಂದು ಗವಾಯಿಗಳದು, ಒಂದು ಅವರ ಹಳೆಯ ಶಿಷ್ಯರೊಬ್ಬರು ಮನೆಯಿಂದ ಹೊತ್ತು ತರುವುದು, ಮೂರನೆಯದು ಹೊಸದಾಗಿ ಕಲಿಯುವವರಿಗೆಂದು ಇಟ್ಟದ್ದು. ವಿಜಯದಶಮಿಯ ದಿನ ತೆಂಗಿನಕಾಯಿ ಒಡೆಸಿ, ಬನ್ನಿ ಕೊಟ್ಟು ಕಾಲಿಗೆ ಬಿದ್ದು, ಆ ಮೂರನೆಯ ಪೇಟಿಯ ಮುಂದೆ ಕೂತೆ. ಏಳುವ ಹೊತ್ತಿಗೆ ಸಾ ದಿಂದ ಪಾ ತನಕ ಹತ್ತಿ ಇಳಿದಿದ್ದೆ. ಬಹಳ ಖುಷಿಯಾಯಿತು. ಆ ಖುಷಿಯಲ್ಲೇ ಹೆಗಲ ಟವೆಲ್ಲು ತೆಗೆದು ಪೇಟಿಯ ಮೇಲೆ ಹಾಸಿ, ಇದು ನನ್ನ ಜಾಗ, ಬರುವ ಐತವಾರ ಬಂದು ಕೂಡುತ್ತೇನೆ ಅಂತ ಗವಾಯಿಗಳಿಗೆ ಹೇಳಿ ಬಂದೆ. ಮನೆಯಲ್ಲಿ ಟವೆಲ್ಲಿಗೇನು ಬರವೇ, ಇನ್ನೊಂದು ಹೆಗಲಿಗೇರಿತು.

ಬರುವ ಐತವಾರ ಮುದ್ದೇಬಿಹಾಳದಲ್ಲಿ ತರಬೇತಿ. ಅದರ ಮುಂದಿನದು ನಿಡಗುಂದಿಯಲ್ಲಿ ಶಾಂತಾಳ ಕಾಕಾನ ಮಗನ ಮದುವೆ. ಆಮೇಲೆ ದೀಪಾವಳಿ. ಆಮೇಲಿನದು ಏನೂ ಇರಲಿಲ್ಲ, ಆದರೆ ಏನೂ ಇಲ್ಲದ ಐತವಾರ ಎಷ್ಟು ಅಪರೂಪ ಅಂತ ಅದನ್ನು ಮಲಗಿ ಕಳೆದೆ. ಗವಾಯಿಗಳು ಸಂತೆಯಲ್ಲಿ ಸಿಕ್ಕಾಗ ನಾನೇ ಮುಂಚೆ ಕೈ ಮುಗಿದು, ಪುರಸೊತ್ತೇ ಇಲ್ಲದಂಗ ಆಗೇತ್ರಿ ಗುರುಗಳ, ಅನ್ನುತ್ತಿದ್ದೆ. ಅವರು ಆಗಲಿ ಆಗಲಿ ಅನ್ನುತ್ತಿದ್ದರು. ನೋಡಿ, ಪುರಸೊತ್ತು ಇಲ್ಲ ಅನ್ನುವ ಮಾತನ್ನು ನಾವು ಹೇಳುವ ಧಾಟಿಯಲ್ಲಿ ಸ್ವಲ್ಪವೂ ದುಃಖ ಇರುವುದಿಲ್ಲ. ಇನ್ನೊಬ್ಬರು ಎಷ್ಟು ಎಕರೆ ಅಂತ ಕೇಳಿದಾಗ ಹೇಳುವವನ ಮುಖದಲ್ಲಿ ಇರುತ್ತದಲ್ಲ, ಆ ಗತ್ತು ಇರುತ್ತದೆ.

ಪೇಟಿ ಬಾರಿಸದಿದ್ದರೂ ಹೇಳಿಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ‘ಈ ವಯಸ್ಸಿನಾಗ ಪೇಟಿ ಕಲಿಯಾಕತ್ತೇನಿ’ ಅನ್ನುವ ಮಾತು ಬಸ್ ಸ್ಟ್ಯಾಂಡಿನಲ್ಲಿ ನನಗೆ ಒಳ್ಳೆಯ ಮರ್ಯಾದೆ ತಂದುಕೊಟ್ಟಿತು. ತರಬೇತಿಯಲ್ಲಿ ಅದು ಟವೆಲ್ಲಿನ ಪ್ರಸಂಗಕ್ಕೆ ಹೊಂದಿಕೊಂಡು ಇನ್ನೂ ರಂಗೇರಿತು. ದೀಪಾವಳಿ ಆದ ಮೇಲೆ ದೇವರ ಹಿಪ್ಪರಗಿಯಲ್ಲಿ ನಡೆದ ತರಬೇತಿಯಲ್ಲಿ ಇದನ್ನೇ ಹೇಳುತ್ತಿರುವಾಗ ಹೆಂಗಸರ ಸಾಲಿನಿಂದ ಒಬ್ಬರು ಎದ್ದು ನಿಂತರು. ಸುವರ್ಣಾ ಅಕ್ಕೋರು ಅಂತ, ಅಲ್ಲೇ ಹತ್ತಿರದ ಹಳ್ಳಿಯ ಸಾಲಿಯಲ್ಲಿ ಒಂದನೆಯ ಎರಡನೆಯ ಇಯತ್ತೆಗೆ ಕಲಿಸುವವರು, ಮನೆ ನಮ್ಮ ಸಿಂದಗಿಯಲ್ಲೇ. ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಾರೆ, ಒಂದು ಗಳಿಗೆ ಒಬ್ಬರನ್ನೇ ಬಿಡುವ ಹಾಗಿಲ್ಲ, ಗಂಡ ಬಸ್ ಡ್ರೈವರು, ಐತವಾರವೂ ಡ್ಯೂಟಿ ಅಂತ ಹೇಳಿ, ‘ಇದರಾಗ ಜಾಗ ಎಲ್ಲಿಂದ ತರೋದ್ರಿ ಸರ್?’ ಅಂತ ಕೇಳಿದರು. ನಿಜವಾಗಿ ಕೇಳಿದ್ದರು. ನಾನು ಮಾತ್ರ ನಿಜವಾಗಿ ಉತ್ತರ ಕೊಡಲಿಲ್ಲ.

‘ಜಾಗ ತರೂದಲ್ರಿ ಅಕ್ಕೋರ, ಮಾಡ್ಕೋಬೇಕು. ಮೊದಲ ಟವೆಲ್ ಒಗೀರಿ, ಕೂಡೂದು ಆಮ್ಯಾಲ.’

ಜೋರು ಚಪ್ಪಾಳೆ ಬಿತ್ತು. ಅಕ್ಕೋರು ಕೂತರು. ಚಾದ ಹೊತ್ತಿಗೆ ನನ್ನ ಹತ್ತಿರ ಬಂದು, ತಮಗೆ ಸಣ್ಣಂದಿನಿಂದ ಪೇಟಿ ಅಂದರೆ ಜೀವ ಅಂತಲೂ, ನಿಡಗುಂದಿಯಿಂದ ನಾದಿನಿ ತಾಯಿಯನ್ನು ನೋಡಿಕೊಳ್ಳಲು ಬಂದಿದ್ದಾಳೆ, ಆಕೆ ಇರುವ ತನಕ ಐತವಾರ ಒಂದು ತಾಸು ಸಿಕ್ಕೀತು ಅಂತಲೂ, ಹಿಂದಿನ ಓಣಿಯಿಂದ ಪೇಟಿಯ ದನಿ ತಮ್ಮ ಮನೆಗೆ ಕೇಳುತ್ತದೆ ಅಂತಲೂ ಹೇಳಿ, ಅಲ್ಲಿ ಗವಾಯಿಗಳ ಮನೆ ಯಾವುದು ಅಂತ ಕೇಳಿದರು. ನಾನು ದೊಡ್ಡ ಮನಸ್ಸಿನಿಂದ ದಾರಿ ಹೇಳಿದೆ. ಬಸ್ಸು ಬಂತು, ಟವೆಲ್ಲು ಹಿಡಿದು ಓಡಿದೆ, ಮರೆತೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಇಂಡಿ ಪಕ್ಕದ ಸಾಲೋಟಗಿಗೆ ಹೋಗಿ ಬರೋಣ. ಇಂಡಿಯ ತರಬೇತಿ ಬೇಗ ಮುಗಿದ ಒಂದು ದಿನ ಅಲ್ಲಿಯ ಇತಿಹಾಸದ ಮಾಸ್ತರರು ನನ್ನನ್ನು ಆ ಊರಿನ ಹಳೆಯ ಶಾಸನದ ಕಥೆ ಹೇಳುತ್ತ ಕರೆದುಕೊಂಡು ಹೋಗಿದ್ದರು. ಸಾವಿರ ವರ್ಷದ ಹಿಂದೆ ಅಲ್ಲಿ ದೊಡ್ಡದೊಂದು ವಿದ್ಯಾಶಾಲೆ ಇತ್ತಂತೆ. ದೂರ ದೂರದ ನಾಡುಗಳಿಂದ ಬಂದ ಹುಡುಗರು ಇರಲಿಕ್ಕೆ ಮನೆಗಳು, ಅವರ ಖರ್ಚಿಗೆ ಹೊಲ, ದೀಪಕ್ಕೆ ಅಂತಲೇ ಬೇರೆ ಹೊಲ, ಎಲ್ಲ ಬಿಟ್ಟುಕೊಟ್ಟಿದ್ದನ್ನು ಕಲ್ಲಿನಲ್ಲಿ ಕೊರೆಸಿದ್ದಾರೆ ಅಂತ ಅವರು ವಿವರಿಸಿದರು. ನಾನು ತಲೆಯಾಡಿಸಿದೆ, ಇದನ್ನು ಭಾಷಣದಲ್ಲಿ ಹೇಗೆ ಸೇರಿಸಬಹುದು ಅಂತ ಲೆಕ್ಕ ಹಾಕಿದೆ, ಸೇರಿಸಿಯೂಬಿಟ್ಟೆ. ಕಲಿಯುವವರಿಗೆ ಜಾಗ ಮಾಡಿದವರು ಕಲಿಯುವವರಲ್ಲ, ಊರಿನ ಉಳಿದವರು ಅನ್ನುವುದು ಅಷ್ಟು ಸಲ ಹೇಳಿದರೂ ನನ್ನ ತಲೆಗೇ ಹೋಗಿರಲಿಲ್ಲ. ಯಾರೋ ಹೊಲದವನು ದೀಪದ ಎಣ್ಣೆಗೆ ಬಿಟ್ಟುಕೊಟ್ಟ, ಇನ್ನ್ಯಾರೋ ಓದಿದ. ನಾನೋ, ದೀಪದ ಮೇಲೆ ಟವೆಲ್ಲು ಹಾಕಿ ಬಂದವನು.

ಸಂಕ್ರಾಂತಿ ಮುಗಿದ ಮೇಲೆ ಬಸವನ ಬಾಗೇವಾಡಿಯಿಂದ ಫೋನು ಬಂತು. ಅಲ್ಲಿಯ ತರಬೇತಿಯ ಕೊನೆಯ ದಿನ ಸಣ್ಣ ಕಾರ್ಯಕ್ರಮ ಇದೆ, ನೀವು ಪೇಟಿ ಕಲಿಯುತ್ತಿರುವ ವಿಷಯ ಎಲ್ಲರಿಗೂ ಗೊತ್ತು, ಪ್ರಾರ್ಥನೆಗೆ ನೀವೇ ಕೂಡಬೇಕು, ಆಮಂತ್ರಣ ಪತ್ರಿಕೆ ಪ್ರೆಸ್ಸಿಗೆ ಹೋಗಿದೆ ಅಂದರು.  ಒಂದು ಪ್ರಾರ್ಥನೆಯಷ್ಟಾದರೂ ಬೆರಳಿಗೆ ಕೂಡಿಸಿಕೊಂಡರೆ ಮಾನ ಉಳಿಯುತ್ತದೆ ಅಂತ ಮರು ಐತವಾರ ಮುಂಜಾನೆಯೇ ಸ್ನಾನ ಮಾಡಿ ಗವಾಯಿಗಳ ಮನೆಗೆ ನಡೆದೆ. ನನ್ನನ್ನು ಅಲ್ಲಿಗೆ ಕಳಿಸಿದ್ದು ಸಂಗೀತವೂ ಅಲ್ಲ, ವಿಕಸನವೂ ಅಲ್ಲ, ಅಂಜಿಕೆ.

ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಗವಾಯಿಗಳು ತಮ್ಮ ಪೇಟಿಯ ಮುಂದೆ, ಹಳೆಯ ಶಿಷ್ಯರು ಅವರ ಪಕ್ಕದಲ್ಲಿ. ಮೂರನೆಯ ಪೇಟಿಯ ಮೇಲೆ ನನ್ನ ಟವೆಲ್ಲು ಮಡಿಕೆ ಕೂಡ ಕೆಡದೆ ಹಾಸಿತ್ತು. ಅದರ ಹಿಂದೆ, ಗೋಡೆಗೆ ಒತ್ತಿಕೊಂಡು ಸುವರ್ಣಾ ಅಕ್ಕೋರು ಕೂತಿದ್ದರು. ತೊಡೆಯ ಮೇಲೆ ಒಂದು ರಟ್ಟು. ಮಕ್ಕಳಿಗೆ ಕಲಿಸಲು ನಮ್ಮ ಅಕ್ಕೋರುಗಳು ರಟ್ಟಿನಲ್ಲಿ ಗಡಿಯಾರ, ಹಣ್ಣು, ಹಕ್ಕಿ ಮಾಡುತ್ತಾರಲ್ಲ, ಹಾಗೆ ಅವರು ರಟ್ಟಿನ ಮೇಲೆ ಬಿಳಿ ಹಾಳೆ ಅಂಟಿಸಿ, ಸ್ಕೆಚ್ ಪೆನ್ನಿನಿಂದ ಕಪ್ಪು ಮನೆ ಬಿಳಿ ಮನೆ ಬರೆದು ಒಂದು ಪೇಟಿ ಮಾಡಿಕೊಂಡಿದ್ದರು. ಅದರ ಮೇಲೆ ಬೆರಳು ಓಡಿಸುತ್ತ, ಬಾಯಲ್ಲಿ ಸಣ್ಣಗೆ ಸರಿಗಮ ಹೇಳಿಕೊಳ್ಳುತ್ತಿದ್ದರು. ಎಡಗೈ, ಅಲ್ಲಿ ಇಲ್ಲವೇ ಇಲ್ಲದ ಗಾಳಿತಿದಿಯನ್ನು ಒತ್ತುತ್ತಿತ್ತು.

ನನ್ನನ್ನು ಕಂಡದ್ದೇ ರಟ್ಟು ಬದಿಗಿಟ್ಟು ಎದ್ದು ನಿಂತರು.

‘ಬರ್ರಿ ಸರ್, ನಿಮ್ಮ ಜಾಗ ಹಾಂಗ ಐತಿ ನೋಡ್ರಿ. ಟವೆಲ್ ಮ್ಯಾಲ ಧೂಳಾ ಕುಂತಿತ್ತು, ಅದಕ್ಕ ಒಮ್ಮೆ ಒಗದು ಮತ್ತ ಹಾಸೇನಿ.’

ಅದರಲ್ಲಿ ಕೊಂಕು ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕೊಂಕು ಇರಲಿಲ್ಲ. ದೊಡ್ಡವರೊಬ್ಬರ ವಸ್ತುವನ್ನು ಜೋಪಾನ ಮಾಡಿ ಒಪ್ಪಿಸಿದ ಸಮಾಧಾನ ಇತ್ತು. ಹೋಗಿ ಕೂತೆ. ಟವೆಲ್ಲು ಎತ್ತಿದೆ, ಸೋಪಿನ ವಾಸನೆ ಬಂತು. ಬೆರಳು ಎಲ್ಲಿ ಇಡಬೇಕು ಅನ್ನುವುದೇ ಮರೆತುಹೋಗಿತ್ತು. ಗವಾಯಿಗಳು ತೋರಿಸಿದರು, ಒತ್ತಿದೆ, ಪೇಟಿ ಎಮ್ಮೆಯ ಹಾಗೆ ಒಂದು ಸಲ ಕೂಗಿ ಸುಮ್ಮನಾಯಿತು. ಹಿಂದೆ ರಟ್ಟಿನ ಮೇಲೆ ಬೆರಳಾಡುವ ಟಪಟಪ ಸಪ್ಪಳ ಮಾತ್ರ ಕೇಳುತ್ತಿತ್ತು. ಮೈ ಹುಷಾರಿಲ್ಲ ಅಂತ ಸುಳ್ಳು ಹೇಳಿ ಎದ್ದುಬಿಟ್ಟೆ.

ಗವಾಯಿಗಳು ಬಾಗಿಲ ತನಕ ಬಂದರು. ಇಷ್ಟು ದಿನ ಆ ಪೇಟಿಯನ್ನು ಅಕ್ಕೋರಿಗೆ ಯಾಕೆ ಕೊಡಲಿಲ್ಲ ಅಂತ ನಾನೇ ಕೇಳಿದೆ, ಕೇಳುವ ಹಕ್ಕು ಇದ್ದವನ ಹಾಗೆ. ‘ನೀವು ಬರ್ತೇನಿ ಅಂತ ಅರಿವಿ ಹಾಕಿ ಹೋಗಿದ್ರಿ. ಅರಿವಿ ಹಾಕಿದ ಜಾಗಾದಾಗ ಇನ್ನೊಬ್ಬರನ್ನ ಹ್ಯಾಂಗ ಕೂಡಸೋದ್ರಿ?’ ಅಂದರು. ತಾವು ಒಂದೆರಡು ಸಲ ಕೂಡು ಅಂದರೂ ಆಕೆಯೇ ಒಪ್ಪಲಿಲ್ಲವಂತೆ, ಸರ್ ಇವತ್ತು ಬಂದರೂ ಬಂದಾರು ಅನ್ನುತ್ತಿದ್ದಳಂತೆ. ಆಮೇಲೆ ದನಿ ಇಳಿಸಿ, ಆಕೆಯದು ಇವತ್ತೇ ಕಡೆ ಅಂದರು. ನಾದಿನಿ ಮಗಳ ಬಾಣಂತನಕ್ಕೆ ನಿಡಗುಂದಿಗೆ ಹೊರಟಿದ್ದಾಳೆ, ಸಾಲಿಯ ದಿನಗಳಿಗೆ ಕೂಲಿಯ ಹೆಣ್ಣುಮಗಳೊಬ್ಬಳು ಬರುತ್ತಾಳೆ, ಐತವಾರ ಮಾತ್ರ ಮುದುಕಿಯ ಹತ್ತಿರ ಕೂಡುವವರು ಯಾರೂ ಇಲ್ಲ.

ಮನೆಗೆ ಎರಡು ಓಣಿ ದಾರಿ. ಅಷ್ಟು ದಾರಿ ನಡೆಯಲು ನನಗೆ ಯಾವತ್ತೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ನಾಚಿಕೆಯಲ್ಲಿ ಎರಡು ನಮೂನೆ ಇರುತ್ತವೆ. ಯಾರಾದರೂ ನೋಡಿದರು ಅಂತ ಆಗುವುದು ಒಂದು, ಅದು ಊಟ ಮಾಡಿ ಮಲಗಿದರೆ ಹೋಗುತ್ತದೆ. ಇದು ಆ ನಮೂನೆಯದಲ್ಲ. ಪೇಟಿ ಕಲಿಯದೇ ಹೋದದ್ದು ನನ್ನ ಆಲಸ್ಯ, ಅದಕ್ಕೆ ನಾನೇ ಧಣಿ. ಆದರೆ ಕಲಿಯುವ ಹಸಿವಿದ್ದ ಒಂದು ಜೀವವನ್ನು ನಾನೇ ಎಬ್ಬಿಸಿ, ದಾರಿ ತೋರಿಸಿ, ಆಕೆ ಬಂದು ಮುಟ್ಟುವ ಮೊದಲೇ ಬಾಗಿಲಿಗೆ ಅಡ್ಡ ಕೂತಿದ್ದೆ. ಕೂತಿದ್ದರೂ ಒಂದು ಮಾತು. ಕೂತಿರಲೂ ಇಲ್ಲ. ಆಕೆ ಎರಡು ತಿಂಗಳು ರಟ್ಟಿನ ಪೇಟಿ ಬಾರಿಸಿದಳು, ಅದೂ ನಿಜವಾದ ಪೇಟಿಯ ಎದುರಿಗೆ, ನನ್ನ ಟವೆಲ್ಲು ಒಗೆದುಕೊಂಡು.

ಶಾಂತಾ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಎಲ್ಲ ಹೇಳಿದೆ. ಪಾಪ ನಿಮಗೇನು ಗೊತ್ತಿತ್ತು ಅಂತ ಅಂದಾಳು ಅಂತ ಆಸೆಯಿಂದ ಅವಳ ಮುಖ ನೋಡಿದೆ. ಅವಳು ಮೊರ ಕೆಳಗಿಟ್ಟು, ಟವೆಲ್ಲು ತೆಗೆದುಕೊಂಡು ಬಂದಿರೋ ಇಲ್ಲವೋ ಅಂತ ಕೇಳಿದಳು. ತೆಗೆದುಕೊಂಡು ಬಂದಿದ್ದೇನೆ ಅಂತ ಹೆಗಲು ತೋರಿಸಿದೆ.

‘ಪೇಟಿ ಬಿಟ್ಟುಕೊಟ್ರಿ, ಚಲೋ ಆತು. ಆದ್ರ ಆಕಿ ಐತವಾರ ಹೋತಲ್ಲ, ಅದನ್ನ ಯಾರು ಕೊಡ್ತಾರ?’

ಅಂದವಳೇ ಮತ್ತೆ ಮೊರ ಎತ್ತಿಕೊಂಡಳು. ಮೊರದಲ್ಲಿ ತೊಗರಿ ಹಾರಿ ಬೀಳುವುದನ್ನು ನೋಡುತ್ತ, ಮುದುಕಿಯ ಹತ್ತಿರ ಐತವಾರ ನಾನೇ ಹೋಗಿ ಕೂಡುತ್ತೇನೆ ಅಂದೆ. ಶಾಂತಾ ಕೇರುವುದನ್ನು ನಿಲ್ಲಿಸಿದಳು. ನಿಮಗೆ ಪುರಸೊತ್ತೆಲ್ಲಿದೆ ಅಂದಳು. ಇಪ್ಪತ್ತೈದು ವರ್ಷದಿಂದ ನಾನು ಅವಳಿಗೆ ಹೇಳಿಕೊಟ್ಟ ಮಾತು ಅದು, ಅವಳ ಬಾಯಿಂದ ವಾಪಸು ಬಂತು.

ಬಸವನ ಬಾಗೇವಾಡಿಗೆ ಫೋನು ಮಾಡಿ ನನಗೆ ಪೇಟಿ ಬರುವುದಿಲ್ಲ ಅಂತ ಹೇಳಿದೆ. ಸರ್, ನಿಮ್ಮ ಈ ವಿನಯವೇ ನಮಗೆ ಪಾಠ ಅಂದರು. ವಿನಯ ಅಲ್ಲರೀ, ಖರೇನೇ ಬರುವುದಿಲ್ಲ, ಒಂದು ದಿನ ಕೂತೆ, ಮುಂದೆ ಹೋಗಲೇ ಇಲ್ಲ ಅಂದೆ.  ಆ ಕಡೆಯವರು, ಹೆಸರು ಅಚ್ಚಾಗಿಬಿಟ್ಟಿದೆಯಲ್ಲ ಸರ್ ಅಂದರು. ಕಾರ್ಯಕ್ರಮದ ದಿನ ಪ್ರಾರ್ಥನೆಯನ್ನು ಪೇಟಿ ಇಲ್ಲದೆ ಹಾಡಿದರು. ನಾನು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ, ಭಕ್ತಿಯಿಂದ ಅಂತ ಮಂದಿ ತಿಳಿದುಕೊಂಡರು.

ಐತವಾರ ಶಾಂತಾಳ ಜೊತೆ ಅವರ ಮನೆಗೆ ಹೋದರೆ, ಸುವರ್ಣಾ ಅಕ್ಕೋರನ್ನು ಒಪ್ಪಿಸುವುದು ಅಷ್ಟು ಸುಲಭ ಆಗಲಿಲ್ಲ. ನೀವು ಸರ್ ಇದ್ದೀರಿ, ನಿಮ್ಮನ್ನು ಹ್ಯಾಂಗೆ ಕೂಡಿಸಲಿ ಅಂತ ಬಾಗಿಲಲ್ಲೇ ನಿಂತರು. ಕೊನೆಗೆ ಶಾಂತಾ ಮುಂದೆ ಬಂದು, ನಾನೂ ನಡುನಡುವೆ ಹಣಿಕಿ ಹಾಕುತ್ತೇನೆ, ನೀವು ನಡೀರಿ ಅಕ್ಕೋರ ಅಂತ ಅವರನ್ನು ಹೆಚ್ಚುಕಡಿಮೆ ದೂಡಿಯೇ ಕಳಿಸಿದಳು. ಅವರು ಎರಡು ಸಲ ತಿರುಗಿ ನೋಡಿದರು. ರಟ್ಟನ್ನು ರೂಢಿಯ ಮೇಲೆ ಬಗಲಲ್ಲಿ ಹಿಡಿದುಕೊಂಡಿದ್ದವರು, ಮೆಟ್ಟಿಲು ಇಳಿದ ಮೇಲೆ ನೆನಪಾಗಿ ವಾಪಸು ಬಂದು ಅದನ್ನು ಕಟ್ಟೆಯ ಮೇಲೆ ಇಟ್ಟು ಹೋದರು.

ಮುದುಕಿ ವರಾಂಡದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ನಡೆಯಲಿಕ್ಕೆ ಆಸರೆಯ ಸ್ಟ್ಯಾಂಡು. ಯಾರೂ ಇಲ್ಲದಿದ್ದರೆ ಅದನ್ನು ಮುಟ್ಟದೆ ಹಾಗೇ ಎದ್ದು ನಡೆಯಲು ಹೋಗುತ್ತಾರೆ, ಅದಕ್ಕೇ ಎದುರಿಗೆ ಒಬ್ಬರು ಇರಲೇಬೇಕು. ನನ್ನ ಕೆಲಸ ಅಷ್ಟೇ, ಎದುರಿಗೆ ಇರುವುದು. ಒಂದು ಗಳಿಗೆ ಕೂತಿರಬೇಕು, ಕೈ ತಾನೇ ಕಿಸೆಯ ಮೊಬೈಲಿಗೆ ಹೋಯಿತು. ಹೋದದ್ದೇ ತಡ ಮುದುಕಿ ಒಂದು ಕಾಲು ಕೆಳಗೆ ಇಳಿಸಿದರು. ಮೊಬೈಲು ಒಳಗೆ ಇಟ್ಟೆ, ಕಾಲು ಮೇಲೆ ಹೋಯಿತು. ಇಷ್ಟು ಕಟ್ಟುನಿಟ್ಟಿನ ತರಬೇತಿ ನಾನು ಯಾರಿಗೂ ಕೊಟ್ಟಿಲ್ಲ. ಕಾಲಿಗೆ ಥಂಡಿ ಅಂತ ನನ್ನ ಹೆಗಲ ಟವೆಲ್ಲು ಕೇಳಿ ಇಸಿದುಕೊಂಡು ಮೊಳಕಾಲಿನ ಮೇಲೆ ಹಾಸಿಕೊಂಡರು. ಹೆಗಲು ಬರಿದಾಯಿತು.

ಅಷ್ಟರಲ್ಲಿ ಹಿಂದಿನ ಓಣಿಯಿಂದ ಪೇಟಿಯ ದನಿ ಬಂತು. ಮೊದಲು ಒಂದು ಸ್ವರ, ಬಹಳ ಹೊತ್ತು ಅದೊಂದೇ. ಮತ್ತೆ ಅದನ್ನೇ. ರಟ್ಟಿನ ಮೇಲೆ ಎರಡು ತಿಂಗಳು ಮುಟ್ಟಿದ್ದು ಹೀಗೆ ಕೇಳಿಸುತ್ತದೆ ಅಂತ ಆಕೆಗೆ ಈಗ ಗೊತ್ತಾಗುತ್ತಿರಬೇಕು. ನಡುವೆ ತಪ್ಪಿತು, ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು. 

ಮುದುಕಿ ನನ್ನನ್ನೇ ನೋಡುತ್ತಿದ್ದರು.

‘ಏನ್ ಮಾಸ್ತರಾ, ಐತವಾರ ದಿನ ಇಲ್ಲಿ ಬಂದು ಕುಂತಿ. ನಿನಗ ಬ್ಯಾರೆ ಕೆಲಸ ಇಲ್ಲೇನು?’

ನಾಲ್ಕು ತಾಲೂಕಿನಲ್ಲಿ ಹೇಳಿ ಹೇಳಿ ರೂಢಿಯಾದ, ಪುರಸೊತ್ತೇ ಇಲ್ಲ ಅನ್ನುವ ಉತ್ತರ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

‘ಇಲ್ರಿ ಅವ್ವಾರ,’ ಅಂದೆ, ‘ಇಲ್ಲ.’

ಅವರು ಪಾಪ ಅಂತ ತಲೆಯಾಡಿಸಿದರು. ಟವೆಲ್ಲನ್ನು ಮೊಳಕಾಲಿನ ಮೇಲೆ ಇನ್ನಷ್ಟು ಎಳೆದುಕೊಂಡರು.

‘ಹಂಗಾರ ಮುಂದಿನ ಐತವಾರನೂ ಬಾ.’